ಹಬ್ಬದ ಸಂತೆ

ನಮ್ಮ ಹಳ್ಳಿಗಳಲ್ಲಿ ಹಬ್ಬ ಹತ್ತಿರವಾಯಿತೆಂಬ ಸುದ್ದಿಯನ್ನು ಪಂಚಾಂಗಕ್ಕಿಂತ ಮುಂಚೆ ಸಂತೆಯೇ ತಿಳಿಸುತ್ತದೆ. ಬಿದಿರಿನ ಹೊಸ ಮೊರಗಳು ಒಂದು ಮೂಲೆಯಲ್ಲಿ ಅಟ್ಟಿಯಾಗಿ ನಿಂತರೆ ಗೌರಿಹಬ್ಬ ಬಂದಿತೆಂದು ತಿಳಿಯಬೇಕು. ಬೂದುಗುಂಬಳಕಾಯಿಯ ರಾಶಿ ಬಿದ್ದು, ಚೆಂಡುಹೂವಿನ ಮೂಟೆಗಳ ಬಾಯಿ ಬಿಚ್ಚಿದರೆ ಆಯುಧಪೂಜೆ. ಮಣ್ಣಿನ ಹಣತೆಗಳು ಹುಲ್ಲಿನ ಮೇಲೆ ಸಾಲಾಗಿ ಕುಳಿತರೆ ದೀಪಾವಳಿ. ಕಬ್ಬಿನ ಜಲ್ಲೆಗಳು ಗೋಡೆಗೊರಗಿ ನಿಂತು, ಅವರೆಕಾಯಿಯ ಸೊಗಡು ಗಾಳಿಯಲ್ಲಿ ಹರಡಿದರೆ ಸಂಕ್ರಾಂತಿ. ಬೇವಿನ ಹೂವೂ ಮಾವಿನ ಸೊಪ್ಪೂ ಜೊತೆಯಾಗಿ ಕಂಡರೆ ಯುಗಾದಿ. ಅಕ್ಷರ ಕಲಿಯದ ಮುದುಕಿಯೂ ಈ ಪಂಚಾಂಗವನ್ನು ತಪ್ಪಿಲ್ಲದೆ ಓದಬಲ್ಲಳು.

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಇಂತಹ ಹಬ್ಬಗಳನ್ನು ಹೊಲದಲ್ಲಿಯೇ ಬೆಳೆಯುವ ಸೀಮೆಯ ಒಂದು ಹೋಬಳಿ ಕೇಂದ್ರ. ಅದರ ಆಚೀಚೆಗೆ ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ನೆಲ ಹರಡಿಕೊಂಡಿದೆ. ಕೃಷ್ಣರಾಜನಗರದ ಕಡೆ ಕಾವೇರಿಯ ನಾಲೆಗಳ ಕೆಳಗೆ ಭತ್ತ. ಉಳಿದೆಡೆ ರಾಗಿ, ಮುಸುಕಿನ ಜೋಳ, ಅವರೆ, ಹೊಗೆಸೊಪ್ಪು. ಈ ಸೀಮೆಯ ಊರುಗಳಲ್ಲಿ ಹಬ್ಬದ ಸಾಮಾನನ್ನು ಬೆಳೆದವರೇ ತಂದು ಮಾರುವ ವಾಡಿಕೆ ಇನ್ನೂ ಅಳಿದಿಲ್ಲ. ಹಬ್ಬಕ್ಕೆ ಬೇಕಾದ ವಸ್ತು ಎಲ್ಲಿಂದ ಬಂದರೇನು, ಯಾರು ಮಾರಿದರೇನು ಎಂದು ಕೇಳುವವರುಂಟು. ವಸ್ತುವಷ್ಟೇ ಮುಖ್ಯವಲ್ಲ, ಅದನ್ನು ಯಾರ ಕೈಯಿಂದ ಕೊಳ್ಳುತ್ತೇವೆಂಬುದೂ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲು ಈ ಸೀಮೆಯ ದೊಡ್ಡ ಹಣದ ಬೆಳೆಯಾದ ವರ್ಜೀನಿಯ ಹೊಗೆಸೊಪ್ಪನ್ನು ನೋಡೋಣ. ರೈತನು ಸಸಿ ನೆಟ್ಟು, ಎಲೆ ಮುರಿದು, ಬ್ಯಾರನ್ನಿನಲ್ಲಿ ಹದಗೊಳಿಸಿ, ದರ್ಜೆಗಳಾಗಿ ವಿಂಗಡಿಸಿ, ಬೇಲುಗಳಾಗಿ ಕಟ್ಟಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಒಯ್ಯುತ್ತಾನೆ. ಕರ್ನಾಟಕದಲ್ಲಿ ಈ ಹರಾಜು ಪದ್ಧತಿ ಜಾರಿಗೆ ಬಂದದ್ದು 1984ರಲ್ಲಿ. ಅದರಿಂದ ತೂಕದಲ್ಲಿಯೂ ಹಣದ ಪಾವತಿಯಲ್ಲಿಯೂ ರೈತನಿಗೆ ಒಂದು ಭದ್ರತೆ ದೊರೆಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ನಿದ್ದೆಗೆಟ್ಟು ಬೆಂಕಿ ಕಾದು ಹದಗೊಳಿಸಿದ ಎಲೆಯ ಬೆಲೆ ಅಲ್ಲಿ ಕೆಲವೇ ಕ್ಷಣಗಳಲ್ಲಿ ತೀರ್ಮಾನವಾಗಿಬಿಡುತ್ತದೆ. ಕೊಳ್ಳುವವರು ಕಂಪನಿಗಳ ಪ್ರತಿನಿಧಿಗಳು. ಆ ಎಲೆ ಯಾವ ದೇಶಕ್ಕೆ ಹೋಯಿತು, ಯಾರ ಬಾಯಲ್ಲಿ ಹೊಗೆಯಾಯಿತು, ಯಾರ ಆರೋಗ್ಯವನ್ನು ಕೆಡಿಸಿತು ಎಂಬುದು ಬೆಳೆದವನಿಗೆ ತಿಳಿಯದು. ಬೆಳೆದವನು ಯಾರೆಂಬುದು ಸೇದಿದವನಿಗೂ ತಿಳಿಯದು. ಹಣ ಕೈ ಬದಲಾಯಿಸುತ್ತದೆ. ಇಬ್ಬರೂ ಪರಸ್ಪರ ಅಪರಿಚಿತರಾಗಿಯೇ ಉಳಿಯುತ್ತಾರೆ.

ಅದೇ ರೈತನ ಮನೆಯ ಹೆಂಗಸರು ರಾಗಿಯ ಹೊಲದ ಅಕ್ಕಡಿ ಸಾಲಿನಲ್ಲಿ ಬಿಡಿಸಿದ ಅವರೆಕಾಯಿಯನ್ನೋ ಹಿತ್ತಲಿನ ಬಳ್ಳಿಯ ಕುಂಬಳಕಾಯಿಯನ್ನೋ ಸಂತೆಗೆ ತಂದು ಕುಳಿತಾಗ ಚಿತ್ರವೇ ಬೇರೆಯಾಗುತ್ತದೆ. ಕೊಳ್ಳಲು ಬಂದವಳು ಕಾಯನ್ನು ಮುರಿದು ಕಾಳಿನ ಬಲಿತವನ್ನು ನೋಡುತ್ತಾಳೆ. ‘ಈ ಸಲ ನಿಮ್ಮ ಕಡೆ ಮಳೆ ಹೇಗೆ?’ ಎಂದು ವಿಚಾರಿಸುತ್ತಾಳೆ. ಮಾರುವವಳು ಮಂಜು ಚೆನ್ನಾಗಿ ಬಿದ್ದುದರಿಂದ ಸೊಗಡು ಹೆಚ್ಚಾಗಿದೆಯೆಂದು ಹೇಳಿ, ತೂಕದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾಳೆ. ಜನವರಿಯಲ್ಲಿ ಚುಂಚನಕಟ್ಟೆಯಲ್ಲಿ ನೆರೆಯುವ ದನಗಳ ಜಾತ್ರೆಯಲ್ಲಿಯೂ ಹೀಗೆಯೇ. ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ಗೊತ್ತುಮಾಡಬಹುದು. ಆದರೆ ಹಳ್ಳಿಕಾರ್ ಹೋರಿಯ ಗುಣವನ್ನು ತಿಳಿಯಲು ಅದನ್ನು ಸಾಕಿದವನನ್ನೇ ಕೇಳಬೇಕು. ಇಂತಹ ವ್ಯಾಪಾರದಲ್ಲಿ ವಸ್ತುವಿನೊಡನೆ ಅದರ ಚರಿತ್ರೆಯೂ ಕೊಳ್ಳುವವನ ಮನೆಗೆ ಬರುತ್ತದೆ.

ಹಬ್ಬದ ಬೆಳೆಯನ್ನು ಬೆಳೆಯುವುದು ಸುಲಭವಾದ ಕೆಲಸವಲ್ಲ. ಚೆಂಡುಹೂವಿನ ಉದಾಹರಣೆಯನ್ನು ತೆಗೆದುಕೊಳ್ಳಿ. ಸಸಿ ನೆಟ್ಟ ಸುಮಾರು ಎರಡು ತಿಂಗಳಿಗೆ ಅದು ಹೂ ಬಿಡುತ್ತದೆ. ಆದರೆ ನಮ್ಮ ಹಬ್ಬಗಳಲ್ಲಿ ಹೆಚ್ಚಿನವು ಚಂದ್ರನ ಗತಿಯನ್ನು ಅನುಸರಿಸುವುದರಿಂದ ಅವುಗಳ ದಿನಾಂಕ ವರ್ಷ ವರ್ಷಕ್ಕೂ ಸರಿಯುತ್ತದೆ. 2023ರಲ್ಲಿ ವಿಜಯದಶಮಿ ಅಕ್ಟೋಬರ್ 24ರಂದು ಬಂದಿತು. 2025ರಲ್ಲಿ ಅಕ್ಟೋಬರ್ 2ರಂದೇ ಬಂದುಬಿಟ್ಟಿತು. ಎರಡು ವರ್ಷಗಳಲ್ಲಿ 22 ದಿನಗಳ ಅಂತರ! ಹೂ ಬೆಳೆಯುವವನು ಆಷಾಢದ ಮಳೆಯಲ್ಲಿ ನಿಂತು ಆಶ್ವಯುಜದ ಲೆಕ್ಕ ಹಾಕಬೇಕು. ಹೂವು ಒಂದು ವಾರ ಮೊದಲೇ ಅರಳಿದರೆ ಗಿಡದಲ್ಲಿಯೇ ಬಾಡುತ್ತದೆ. ಒಂದು ವಾರ ತಡವಾದರೆ ಕೇಳುವವರಿಲ್ಲ. ಮಳೆ ಹೆಚ್ಚಾದರೆ ಕೊಳೆಯುತ್ತದೆ. ಎಲ್ಲವೂ ಸರಿಯಾದ ವರ್ಷ ಎಲ್ಲರ ಹೊಲದಲ್ಲಿಯೂ ಸರಿಯಾಗಿ, ಹೂವಿನ ರಾಶಿ ಹೆಚ್ಚಿ ಬೆಲೆ ನೆಲ ಕಚ್ಚುತ್ತದೆ.

ಇಲ್ಲಿಯೇ ಒಂದು ಕಠಿಣವಾದ ಸತ್ಯವಿದೆ. ಅಕ್ಕಿ, ರಾಗಿಗಳನ್ನು ಇಂದು ಮಾರದಿದ್ದರೆ ನಾಳೆ ಮಾರಬಹುದು. ಆಯುಧಪೂಜೆಯ ಬೂದುಗುಂಬಳಕ್ಕೂ ಚೆಂಡುಹೂವಿಗೂ ನಾಳೆಯೆಂಬುದಿಲ್ಲ. ಹಬ್ಬದ ಹಿಂದಿನ ಸಂಜೆ ಕತ್ತಲಾಗುತ್ತ ಬಂದಂತೆ ಮಾರುವವನ ಮುಖದಲ್ಲಿ ಕಳವಳ ಹೆಚ್ಚುತ್ತದೆ. ಅದನ್ನು ಗುರುತಿಸಿ, ‘ಹೇಗೂ ನೀನು ಇದನ್ನು ಹೊತ್ತುಕೊಂಡು ಹೋಗುವುದಿಲ್ಲ, ಅರ್ಧಕ್ಕೆ ಕೊಡು’ ಎಂದು ಹಟ ಹಿಡಿಯುವ ಜಾಣರಿದ್ದಾರೆ. ಮರುದಿನ ಪೇಟೆಯ ಬೀದಿಯ ಬದಿಯಲ್ಲಿ ಬಿಟ್ಟುಹೋದ ಕುಂಬಳಕಾಯಿಗಳನ್ನೂ ಸುರಿದುಹೋದ ಹೂವಿನ ಗುಡ್ಡೆಗಳನ್ನೂ ನೀವು ನೋಡಿರಬಹುದು. ಅದನ್ನು ಪೌರಕಾರ್ಮಿಕರು ಬಳಿದು ಗಾಡಿಗೆ ತುಂಬುತ್ತಾರೆ. ನಮಗೆ ಅದು ಕಸ. ಒಂದು ಕುಟುಂಬಕ್ಕೆ ಎರಡು ಮೂರು ತಿಂಗಳ ದುಡಿಮೆ. ದೇವರಿಗೆ ಹಾರ ಹಾಕುವ ಮುನ್ನ ಹೂ ತಂದವನ ಹಸಿವನ್ನು ಹಿಡಿದು ಚೌಕಾಸಿ ಮಾಡುವುದು ಭಕ್ತಿಯ ಲಕ್ಷಣವಾಗಲಾರದು.

ಹೊಲವನ್ನೂ ಅಂಗಡಿಯನ್ನೂ ಒಂದೇ ಕುಟುಂಬ ನಡೆಸುವಾಗ ಹಬ್ಬವು ಆ ಮನೆಯ ಎಲ್ಲರ ಕೆಲಸವಾಗುತ್ತದೆ. ತಂದೆ ಕಟಾವು ಮಾಡುತ್ತಾನೆ, ತಾಯಿ ಹಸನು ಮಾಡುತ್ತಾಳೆ, ಅಜ್ಜಿ ಹೂ ಕಟ್ಟುತ್ತಾಳೆ, ಮಕ್ಕಳು ತಕ್ಕಡಿಯ ಪಕ್ಕದಲ್ಲಿ ಕುಳಿತು ಲೆಕ್ಕ ಹೇಳುತ್ತಾರೆ. ಹಬ್ಬದ ಹಿಂದಿನ ದಿನ ಹಾಜರಿ ಕೂಗುವಾಗ ಉತ್ತರ ಬಾರದ ಹೆಸರುಗಳನ್ನು ನಾನು ಅನೇಕ ವರ್ಷ ಕೇಳಿದ್ದೇನೆ. ಆ ಮಕ್ಕಳು ಆಟಕ್ಕೆ ಹೋದವರಲ್ಲ. ಇತರರ ಮನೆಯಲ್ಲಿ ಹಬ್ಬವಾಗಲೆಂದು ಬೀದಿಯಲ್ಲಿ ಕುಳಿತವರು. ಅವರ ಮನೆಯಲ್ಲಿ ಹಬ್ಬದ ಅಡುಗೆ ಆರಂಭವಾಗುವುದು ಕೊನೆಯ ಮೊರ ಮಾರಾಟವಾದ ಬಳಿಕ. ವಿದ್ಯಾರ್ಥಿಗಳೇ, ನಿಮ್ಮ ತರಗತಿಯಲ್ಲಿ ಕೊಳ್ಳುವವರ ಮಕ್ಕಳೂ ಇದ್ದಾರೆ, ಮಾರುವವರ ಮಕ್ಕಳೂ ಇದ್ದಾರೆ. ಸಂತೆಯಲ್ಲಿ ಸಹಪಾಠಿಯನ್ನು ಕಂಡಾಗ ಯಾರೂ ಮುಖ ತಿರುಗಿಸಬೇಕಾಗಿಲ್ಲ. ಮಾರುವವನು ನಾಚಿಕೊಳ್ಳಲು ಕಾರಣವಿಲ್ಲ. ಕೊಳ್ಳುವವನು ಬೀಗಲು ಕಾರಣವಿಲ್ಲ.

ಬೆಳೆಗಾರರಿಗೆ ಹೇಳಿದ ಮಾತು ಕುಶಲಕರ್ಮಿಗಳಿಗೂ ಸಲ್ಲುತ್ತದೆ. ಗೌರಿಯ ಬಾಗಿನದ ಮೊರವನ್ನು ಹೆಣೆಯುವ ಮೇದರಿಗೆ ವರ್ಷದ ದೊಡ್ಡ ವ್ಯಾಪಾರ ಆ ಕೆಲವು ದಿನಗಳಲ್ಲಿಯೇ ಆಗಬೇಕು. ಹಣತೆ ತಟ್ಟುವ ಕುಂಬಾರರಿಗೆ ಕಾರ್ತಿಕದಲ್ಲಿ ಆಗಬೇಕು. ಚನ್ನಪಟ್ಟಣದವರು ಆಲೆಮರವನ್ನು ಕಡೆದು, ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ ಬೊಂಬೆ ಮಾಡುತ್ತಾರೆ. ದಸರೆಯ ಬೊಂಬೆಗಳ ಸಾಲು ಮನೆಗಳಲ್ಲಿ ಕಿರಿದಾದರೆ ಅವರ ಕೆಲಸವೂ ಕಿರಿದಾಗುತ್ತದೆ. ಇದನ್ನು ಮನಗಂಡು ಮೈಸೂರಿನ ನಜರ್‌ಬಾದಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ದಸರೆಗೆ ಮುಂಚೆ ‘ಬೊಂಬೆ ಮನೆ’ ಎಂಬ ಪ್ರದರ್ಶನವನ್ನು ಏರ್ಪಡಿಸುತ್ತ ಬಂದಿದ್ದಾರೆ. ನಾಡಿನ ಹಲವು ಕಡೆಯ ಬೊಂಬೆಗಳು ಅಲ್ಲಿ ಮಾರಾಟಕ್ಕೆ ಬರುತ್ತವೆ. ಹಬ್ಬವನ್ನೂ ಉದ್ಯಮವನ್ನೂ ಜೋಡಿಸುವ ಆಲೋಚನೆ ಮೈಸೂರಿಗೆ ಹೊಸದಲ್ಲ. ದಸರಾ ವಸ್ತುಪ್ರದರ್ಶನವು ಆರಂಭವಾದದ್ದು ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1880ರಲ್ಲಿ.

ಪಟ್ಟಣವಾಸಿಗಳು ಬೆಳೆಗಾರರನ್ನು ಕಾಣುವುದೇ ಇಲ್ಲವೆಂದು ನಿರಾಶರಾಗಬೇಕಾಗಿಲ್ಲ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. ಸುತ್ತಣ ಹಳ್ಳಿಗಳ ರೈತರು ತಮ್ಮ ಮೊದಲ ಬೆಳೆಯನ್ನು ದೊಡ್ಡ ಬಸವಣ್ಣನಿಗೆ ಒಪ್ಪಿಸುತ್ತಿದ್ದ ಪದ್ಧತಿಯಿಂದ ಅದು ಬೆಳೆಯಿತೆಂದು ಹೇಳುತ್ತಾರೆ. ಇಂದು ಆ ಹಳ್ಳಿಗಳು ಬಡಾವಣೆಗಳಾಗಿವೆ. ಆದರೂ ಪರಿಷೆ ನಿಂತಿಲ್ಲ, ದೂರದ ಊರುಗಳ ಕಾಯಿ ಅಲ್ಲಿಗೆ ಬರುತ್ತದೆ. ಅದೇ ನಗರದ ವಿಶ್ವೇಶ್ವರಪುರದಲ್ಲಿ ವಾಸವಿ ಕಾಂಡಿಮೆಂಟ್ಸ್ ಎಂಬ ತಿಂಡಿಯ ಅಂಗಡಿಯವರು 2000ದಲ್ಲಿ ಅವರೆಬೇಳೆ ಮೇಳವನ್ನು ಆರಂಭಿಸಿದರು. ಹಿಸುಕಿದ ಬೇಳೆಯ ಸಾರಿನಿಂದ ಜಿಲೇಬಿಯವರೆಗೆ ಅಲ್ಲಿ ಅವರೆಯದೇ ದರಬಾರು. ಒಂದು ಅಂಗಡಿಯ ಉತ್ಸಾಹವು ಒಂದು ಬೆಳೆಗೆ ಎಷ್ಟು ದೊಡ್ಡ ಬಾಗಿಲನ್ನು ತೆರೆಯಬಹುದೆಂಬುದಕ್ಕೆ ಇದು ನಿದರ್ಶನ.

ಹೊರದೇಶಗಳಲ್ಲಿಯೂ ಇಂತಹ ರೂಢಿಯುಂಟು. ಅಮೆರಿಕದಲ್ಲಿ ಅನೇಕ ರೈತ ಕುಟುಂಬಗಳು ತಮ್ಮ ಹೊಲದ ಬಾಗಿಲಿನಲ್ಲಿಯೇ ಅಂಗಡಿಯಿಟ್ಟು, ಅಕ್ಟೋಬರಿನಲ್ಲಿ ಕುಂಬಳಕಾಯಿಯನ್ನೂ ಡಿಸೆಂಬರಿನಲ್ಲಿ ಕ್ರಿಸ್ಮಸ್ ಮರವನ್ನೂ ಮಾರುತ್ತವೆ. ಪಟ್ಟಣದ ಮಕ್ಕಳು ತಂದೆತಾಯಿಯರೊಡನೆ ಅಲ್ಲಿಗೆ ಹೋಗಿ ತಮಗೆ ಬೇಕಾದುದನ್ನು ತಾವೇ ಆರಿಸಿಕೊಳ್ಳುತ್ತಾರೆ. ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿ ಹುಣಸೂರು, ಪಿರಿಯಾಪಟ್ಟಣಗಳ ನೆಲದಲ್ಲಿಯೇ ಸಾಗುತ್ತದೆ. ಈ ದಾರಿಯ ಪ್ರವಾಸಿಗಳನ್ನು ಹೊಲದ ಬಾಗಿಲಿನಲ್ಲಿ ನಿಲ್ಲಿಸುವ ಅಂಗಡಿಗಳು ನಮ್ಮ ಯುವಕರಿಗೆ ಒಂದು ಜೀವನಮಾರ್ಗವಾಗಬಾರದೇಕೆ? ಹಬ್ಬಗಳಿಗೂ ಇಲ್ಲಿ ಕೊರತೆಯಿಲ್ಲ. ಇದೇ ದಾರಿಯ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟಿನವರು ಲೋಸಾರ್ ಎಂಬ ಹೊಸವರ್ಷವನ್ನು ಆಚರಿಸುತ್ತಾರೆ. ಹೂವಿನವನ ಬುಟ್ಟಿ ಗುಡಿಗೂ ದರ್ಗಾಕ್ಕೂ ಇಗರ್ಜಿಗೂ ಹೂ ಕೊಡುತ್ತದೆ. ಸಂತೆಗೆ ಜಾತಿಮತಗಳ ಬೇಲಿಯಿಲ್ಲ.

ಈ ವಾದಕ್ಕೆ ಆಕ್ಷೇಪಗಳಿಲ್ಲದಿಲ್ಲ. ದೊಡ್ಡ ಅಂಗಡಿಯಲ್ಲಿಯೂ ಫೋನಿನ ಮೂಲಕವೂ ಅಗ್ಗವಾಗಿ ದೊರೆಯುವಾಗ ಬಡವರು ಹೆಚ್ಚು ಕೊಟ್ಟು ಕೊಳ್ಳಬೇಕೇ ಎಂದು ಕೇಳಬಹುದು. ಬೇಡ, ಕೈಯಲ್ಲಿ ಕಾಸಿಲ್ಲದವನು ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳಲಿ. ನನ್ನ ಮಾತು ಉಳ್ಳವರಿಗೆ. ನಡುವಣ ವ್ಯಾಪಾರಿಯೂ ದುಡಿಯುವವನಲ್ಲವೇ ಎಂದು ಇನ್ನೊಬ್ಬರು ಕೇಳಬಹುದು. ನಿಜ, ಅವನು ಬಂಡಿ ಕಟ್ಟದಿದ್ದರೆ ಪಟ್ಟಣಕ್ಕೆ ಹೂವೇ ಬಾರದು. ಬೆಳೆಗಾರರಲ್ಲಿಯೂ ಮೋಸ ಮಾಡುವವರಿದ್ದಾರೆ. ಮೇಲೆ ಬಲಿತ ಅವರೆಯನ್ನಿಟ್ಟು ಕೆಳಗೆ ಸೊಟ್ಟೆಯನ್ನು ತುಂಬುವವರನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಮುಖಾಮುಖಿ ವ್ಯಾಪಾರದಲ್ಲಿ ಮೋಸ ಬಹುಕಾಲ ಬಾಳದು. ಮುಂದಿನ ಸಂತೆಗೆ ಅದೇ ಜಾಗದಲ್ಲಿ ಅದೇ ಜನರ ಮುಂದೆ ಅವನು ಕುಳಿತುಕೊಳ್ಳಬೇಕಲ್ಲವೇ? ಆದ್ದರಿಂದ ಎಲ್ಲವನ್ನೂ ಬೆಳೆದವರಿಂದಲೇ ಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಪ್ರತಿ ಹಬ್ಬಕ್ಕೂ ಒಂದು ವಸ್ತುವನ್ನಾದರೂ ಅದನ್ನು ಬೆಳೆದ ಅಥವಾ ಮಾಡಿದ ಕೈಯಿಂದಲೇ ಕೊಳ್ಳಿ ಎನ್ನುತ್ತೇನೆ.

ಸಂಕ್ರಾಂತಿಯಂದು ನಾವು ಎಳ್ಳು ಬೀರುತ್ತೇವೆ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಇವೆಲ್ಲವೂ ಬೆಲೆ ಕೊಟ್ಟು ತಂದವುಗಳೇ. ಹಣ ಕೊಟ್ಟು ತೂಗಿಸಿ ತಂದ ಆ ವಸ್ತುಗಳು ಮನೆಯ ಹೊಸ್ತಿಲು ದಾಟುವಾಗ ಬೆಲೆಯನ್ನು ಕಳಚಿಕೊಂಡು ಉಡುಗೊರೆಯಾಗುತ್ತವೆ. ನೆರೆಯವರ ತಟ್ಟೆಗೆ ಹಾಕುವ ಎಳ್ಳನ್ನು ಯಾರೂ ತೂಗುವುದಿಲ್ಲ. ಒಳ್ಳೆಯ ಮಾತಾಡಬೇಕೆಂದು ಹಾರೈಸುತ್ತ ನೆರೆಯವರಿಗೆ ಕೊಡುವ ಈ ಎಳ್ಳನ್ನು ಬೆಳೆದವರೊಡನೆ ಒರಟು ಮಾತಾಡಿ ಕೊಂಡು ತಂದರೆ ಆ ಹಾರೈಕೆಗೆ ಏನು ಬೆಲೆ ಉಳಿಯಿತು?

ಮುಂದಿನ ಹಬ್ಬಕ್ಕೆ ನೀವು ಚೀಲ ಹಿಡಿದು ಸಂತೆಗೆ ಹೋದಾಗ ಮಾರುವವರನ್ನು ಎರಡು ಪ್ರಶ್ನೆ ಕೇಳಿ: ‘ಇದು ಯಾವ ಊರಿನ ಬೆಳೆ? ನೀವೇ ಬೆಳೆದದ್ದೇ?’ ಉತ್ತರವನ್ನು ಗಮನವಿಟ್ಟು ಆಲಿಸಿ. ಕೊನೆಯ ಸಂಜೆಯಲ್ಲಿ ಚೌಕಾಸಿ ಮಾಡಬೇಡಿ. ಮನೆಗೆ ಬಂದು ಪೂಜೆಗೆ ಕುಳಿತ ಹಿರಿಯರಿಗೆ ಆ ಊರಿನ ಹೆಸರನ್ನು ಹೇಳಿ. ರಾವಂದೂರಿನ ಅಕ್ಕಡಿ ಸಾಲಿನ ಅವರೆಯೋ ಹುಣಸೂರಿನ ಕಡೆಯ ಹೂವೋ ಆಗ ನಿಮ್ಮ ಮನೆಯಲ್ಲಿ ಹೆಸರಿಲ್ಲದ ಸಾಮಾನಾಗಿರುವುದಿಲ್ಲ. ಅದನ್ನು ಬೆಳೆದವರಿಗೂ ಮುಂದಿನ ವರ್ಷ ಸಸಿ ನೆಡಲು ಧೈರ್ಯ ಬರುತ್ತದೆ.