ಮೊಬೈಲಿನ ಹೊಟ್ಟೆಯಲ್ಲಿ ಪಹಣಿ

ಕಳೆದ ಮುಂಗಾರಿನಲ್ಲಿ ಜೇವರ್ಗಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಡಿಪ್ಲೊಮಾ ಓದುವ ಹುಡುಗ. ಮನೆತನದ ಹೊಲಗಳ ಲೆಕ್ಕ ಇಡಲೆಂದು ತಾನೇ ಒಂದು ಮೊಬೈಲ್ ಆ್ಯಪ್ ಬರೆದಿದ್ದ. ಸರ್ವೆ ನಂಬರು, ಕ್ಷೇತ್ರ, ಬೆಳೆ, ಬಿತ್ತಿದ ದಿನ ಎಲ್ಲವನ್ನೂ ಕೂತು ತುಂಬಿದ್ದ. "ಅಪ್ಪಗ ತೋರಸಬೇಕಂತ ಮುಂಜಾನಿ ತೆಗದ್ರ ಎಲ್ಲಾ ಖಾಲಿ ಆಗ್ಯಾದ್ರಿ ಸರ್" ಎಂದ. ಅಪ್ಪ ಮಾತಾಡಲಿಲ್ಲವಂತೆ. ಕಿಸೆಯಿಂದ ತಮ್ಮ ಹಳೆಯ ಡೈರಿ ತೆಗೆದು ಮುಂದಿಟ್ಟರಂತೆ.

ಹುಡುಗನ ತಪ್ಪು ಸಣ್ಣದು. ಮೊಬೈಲಿಗೆ ಎರಡು ಬಗೆಯ ಸ್ಮೃತಿ ಇದೆ. ಒಂದು ನಮ್ಮ ತರಗತಿಯ ಕರಿಹಲಗೆ ಇದ್ದಂತೆ. ಬರೆಯುವುದು ಬಲು ಬೇಗ, ಆದರೆ ಗಂಟೆ ಬಾರಿಸಿದರೆ ಮುಂದಿನ ಮೇಷ್ಟ್ರು ಅಳಿಸಿಬಿಡುತ್ತಾರೆ. ಇದು ರ್‍ಯಾಮ್. ಇನ್ನೊಂದು ಹಾಜರಿ ಪುಸ್ತಕದಂತೆ, ಬ್ಯಾಟರಿ ತೀರಿದರೂ ಅಳಿಯದು. ಜಾಗ ಸಾಲದಾದಾಗ ಮೊಬೈಲು ಹಿಂದೆ ಬಿಟ್ಟ ಆ್ಯಪ್‌ಗಳನ್ನು ಹೇಳದೆ ಕೇಳದೆ ಮುಚ್ಚುತ್ತದೆ. ಇವನು ಎಲ್ಲವನ್ನೂ ಕರಿಹಲಗೆಯ ಮೇಲಷ್ಟೇ ಬರೆದಿದ್ದ.

ಸರಿ, ಕಡತಕ್ಕೆ ಬರೆಯುವುದನ್ನು ಕಲಿತ. ಮುಂದಿನ ವಾರ ಮತ್ತೆ ಬಂದ, ಈ ಸಲ ಅಪ್ಪನೊಂದಿಗೆ. ಈಗಿನದು ಇನ್ನೂ ಸ್ವಾರಸ್ಯದ ಸಮಸ್ಯೆ. 3 ಎಕರೆ 20 ಗುಂಟೆಯ ಎರಡು ಹೊಲಗಳನ್ನು ಕೂಡಿಸಿದರೆ ಆ್ಯಪ್ 6.40 ಎನ್ನುತ್ತಿತ್ತು. "ಏಳು ಎಕರೆ ಅಲ್ಲೇನ್ರಿ ಮಾಸ್ತರ?" ಎಂದರು ಅಪ್ಪ, ತಕ್ಷಣ. ಎಕರೆಗೆ 40 ಗುಂಟೆ. ನಮ್ಮ ಹುಡುಗ 3 ಎಕರೆ 20 ಗುಂಟೆಯನ್ನು 3.20 ಎಂಬ ದಶಮಾಂಶವಾಗಿ ಇಟ್ಟಿದ್ದ. ಗಣಕಕ್ಕೆ ಗುಂಟೆ ಗೊತ್ತಿಲ್ಲ, ಕೊಟ್ಟದ್ದನ್ನು ದಶಮಾಂಶವೆಂದೇ ಕೂಡಿತು. ಎಲ್ಲವನ್ನೂ ಗುಂಟೆಗೆ ಇಳಿಸಿ ಪೂರ್ಣಾಂಕವಾಗಿ ಇಡಬೇಕಿತ್ತು: 140 ಮತ್ತು 140 ಕೂಡಿದರೆ 280, ತೋರಿಸುವಾಗ 40ರಿಂದ ಭಾಗಿಸಿದರೆ 7. ಗುಂಟೆಗೆ 16 ಆಣೆ, ಆಣೆಯ ಲೆಕ್ಕವೂ ಬೇಕಾದವರು ಆಣೆಗೇ ಇಳಿಸಲಿ.

ಇನ್ನೊಂದು ಹೊಲವಂತೂ ಕಾಣೆಯೇ ಆಗಿತ್ತು! ಸರ್ವೆ ನಂಬರ್ 12/1 ಮತ್ತು 12/10 ಬೇರೆ ಬೇರೆ. ಇವನು ಅವನ್ನು 12.1, 12.10 ಎಂದು ಸಂಖ್ಯೆಯಾಗಿ ಉಳಿಸಿದ್ದ. ಗಣಿತದಲ್ಲಿ ಅವೆರಡೂ ಒಂದೇ ತಾನೆ? ಎರಡನೆಯದು ಮೊದಲನೆಯದರ ಮೇಲೆ ಕೂತುಬಿಟ್ಟಿತು. ಸರ್ವೆ ನಂಬರನ್ನು ಯಾರೂ ಕೂಡುವುದಿಲ್ಲ, ಗುಣಿಸುವುದಿಲ್ಲ. ಅದು ಹೆಸರು, ಅಕ್ಷರವಾಗಿಯೇ ಇಡಬೇಕು.

ಇದು ಹುಡುಗಾಟದ ವಿಷಯವಲ್ಲವೆಂದು ಪಾಲಕರಿಗೆ ಹೇಳಬೇಕಾಗಿಲ್ಲ. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯಡಿ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. 2020ರ ಮುಂಗಾರಿನಲ್ಲಿ ರೈತರೇ ಹೊಲದಲ್ಲಿ ನಿಂತು ಫೋಟೊ ತೆಗೆದು ಬೆಳೆ ದಾಖಲಿಸುವ ಆ್ಯಪ್ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳ ಪೈರು ಮುಳುಗಿತು. ತೊಗರಿ ಬಿತ್ತಿದ ಹೊಲ ದಾಖಲೆಯಲ್ಲಿ ಬೇರೆ ಬೆಳೆಯಾಗಿದ್ದರೆ ಪರಿಹಾರ, ಬೆಳೆವಿಮೆ, ಬೆಂಬಲ ಬೆಲೆಯ ಖರೀದಿ ಮೂರಕ್ಕೂ ತೊಡಕು. ಒಂದು ಸಾಲಿನ ತಪ್ಪಿಗೆ ತಿಂಗಳುಗಟ್ಟಲೆ ಅಲೆದಾಟ.

ಹಾಗಾದರೆ ಹೊಲದ ವಿವರವನ್ನು ಮೊಬೈಲಿನಲ್ಲಿ ಹೇಗೆ ಜೋಡಿಸಬೇಕು? ಒಂದೇ ಉದ್ದನೆಯ ಪಟ್ಟಿ ಸಾಲದು. ಆಳಂದದ ಹೊಲದಲ್ಲಿ ತೊಗರಿಯ ಸಾಲಿನ ನಡುವೆ ಹೆಸರು, ಉದ್ದು ಇರುತ್ತದೆ. ಹಿಂಗಾರಿಗೆ ಇನ್ನೊಂದು ಹೊಲದಲ್ಲಿ ಬಿಳಿಜೋಳ, ಕಡಲೆ. ಪ್ರತಿ ಬೆಳೆಗೂ ಹೊಲದ ವಿವರ ಮತ್ತೆ ಮತ್ತೆ ಬರೆದರೆ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುವುದು ಖಂಡಿತ. ಆದ್ದರಿಂದ ಎರಡು ಕೋಷ್ಟಕ: ಒಂದು ಹೊಲದ್ದು, ಒಂದು ಬೆಳೆಯದು. ಬೆಳೆಯ ಸಾಲಿನಲ್ಲಿ ಹೊಲದ ಗುರುತಿನ ಸಂಖ್ಯೆ ಇದ್ದರೆ ಸಾಕು. ಹೀಗೆ ಕೋಷ್ಟಕಗಳನ್ನು ಬೆಸೆಯುವ ವಿಚಾರವನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದರು. 2000ದಲ್ಲಿ ಅಮೆರಿಕದ ರಿಚರ್ಡ್ ಹಿಪ್ ಹೊರತಂದ 'ಎಸ್‌ಕ್ಯೂಲೈಟ್' ಈ ಕೆಲಸವನ್ನು ಒಂದೇ ಕಡತದಲ್ಲಿ ಮಾಡುತ್ತದೆ. ಬಳಸಲು ಕಾಸು ಬೇಡ, ಪರವಾನಗಿ ಬೇಡ. ಆಂಡ್ರಾಯ್ಡ್ ಫೋನು, ಐಫೋನು ಎರಡರಲ್ಲೂ ಅದು ಮೊದಲೇ ಕೂತಿದೆ.

ಅದರ ಒಂದು ಗುಣ ನನಗೆ ಬಹಳ ಮೆಚ್ಚುಗೆ. ಅಣ್ಣತಮ್ಮಂದಿರು ಪಾಲಾದರು ಎನ್ನಿ. 12/1ನ್ನು ತೆಗೆದು ಅದರ ಜಾಗದಲ್ಲಿ ಎರಡು ಹೊಸ ಹಿಸ್ಸಾ ಬರೆಯಬೇಕು. ಹಳೆಯದನ್ನು ಅಳಿಸಿದ ಕ್ಷಣದಲ್ಲೇ ಬ್ಯಾಟರಿ ಸತ್ತರೆ? ಹೊಲವೇ ಇಲ್ಲದಂತಾಯಿತು! ಈ ಮೂರೂ ಕೆಲಸವನ್ನು ಒಂದು 'ಟ್ರಾನ್ಸಾಕ್ಷನ್' ಎಂದು ಕಟ್ಟಿಕೊಟ್ಟರೆ ಎಸ್‌ಕ್ಯೂಲೈಟ್ ಪಕ್ಕದ ಚೀಟಿಯಲ್ಲಿ ಗುರುತು ಹಾಕಿಕೊಂಡು ಮುಂದುವರಿಯುತ್ತದೆ. ನಡುವೆ ನಿಂತರೆ, ಮತ್ತೆ ತೆರೆದಾಗ ಚೀಟಿ ನೋಡಿ ಮೊದಲಿದ್ದಂತೆ ಮಾಡುತ್ತದೆ. ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ.

ದಿನಾಂಕದ ಬಗ್ಗೆ ಒಂದೇ ಮಾತು: 5-6 ಎಂದರೆ ಜೂನ್ 5 ಎನ್ನುವವರೂ ಮೇ 6 ಎನ್ನುವವರೂ ಇದ್ದಾರೆ. 2024-06-05 ಎಂದು ವರ್ಷ ಮೊದಲಿಟ್ಟು ಬರೆದರೆ ಗೊಂದಲವಿಲ್ಲ, ಸಾಲಾಗಿಯೂ ಜೋಡಿಸಿಕೊಳ್ಳುತ್ತದೆ. ಬೆಳೆಯ ಹೆಸರನ್ನು ಟೈಪಿಸಲು ಬಿಡಬೇಡಿ, ಪಟ್ಟಿಯಿಂದ ಆರಿಸಲಿ. ಒಬ್ಬ ತೊಗರಿ ಎಂದು, ಇನ್ನೊಬ್ಬ ತೊಗರಿಬ್ಯಾಳಿ ಎಂದು ಬರೆದರೆ ಯಂತ್ರಕ್ಕೆ ಅವು ಎರಡು ಬೆಳೆ.

ವಿದ್ಯಾರ್ಥಿ ಮಿತ್ರರೇ, ಈ ಭಾನುವಾರ ಮನೆಯ ಒಂದು ಪಹಣಿ ಕೇಳಿ ಪಡೆಯಿರಿ. ಮೊಬೈಲು ಬೇಡ, ನೋಟುಬುಕ್ಕು ಸಾಕು. ಯಾವ ಅಂಕಣ ಸಂಖ್ಯೆ, ಯಾವುದು ಅಕ್ಷರ, ಯಾವುದು ದಿನಾಂಕ ಎಂದು ಗುರುತು ಮಾಡಿ, ಎರಡು ಕೋಷ್ಟಕಗಳಿಗೆ ಹಂಚಿ. ಕ್ಷೇತ್ರವನ್ನು ಗುಂಟೆಗೆ ಇಳಿಸಿ ಕೂಡಿಸಿ, ಮತ್ತೆ ಎಕರೆಗೆ ಏರಿಸಿ. ಉತ್ತರ ಸರಿಯೋ ಎಂದು ಅಪ್ಪನಿಗೋ ಅಜ್ಜನಿಗೋ ತೋರಿಸಿ. ಜೇವರ್ಗಿಯ ಹುಡುಗನ ಆ್ಯಪ್ ಈಗ ಏಳು ಎಕರೆ ಎನ್ನುತ್ತದೆ. ಅವನ ಅಪ್ಪ ಡೈರಿಯನ್ನಂತೂ ಬಿಟ್ಟಿಲ್ಲ; ಮೊಬೈಲು ಬಾವಿಗೆ ಬಿದ್ದರೆ ಪ್ರತಿ ಬೇಕಲ್ಲ, ನಾನೂ ಬಿಡಿ ಎಂದು ಹೇಳಲಿಲ್ಲ.