ಹೊಂಡಕ್ಕೆ ಬಿದ್ದ ಸರ

ಸಿನಿಮಾ ಮುಗಿದ ಕೂಡಲೇ ನಾನು ಮೊಮ್ಮಕ್ಕಳನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಹೆಂಗಿತ್ತು?" ಉತ್ತರ "ಚಲೋ ಇತ್ತು", ಇಲ್ಲವೇ "ಬೋರು". ಅಲ್ಲಿಗೆ ಮಾತು ಮುಗಿಯಿತು. ಈ ಬೇಸಿಗೆ ರಜೆಗೆ ಅವರು ರಾಮಥಾಳಕ್ಕೆ ಬಂದಾಗ ಪ್ರಶ್ನೆ ಬದಲಿಸಿದೆ: "ಏನೇನು ನೋಡಿದ್ರಿ?"

ಹೀಗೆ ನೋಡುವುದನ್ನೇ ಪಾಠ ಮಾಡಿದ ಹಳ್ಳಿಯೊಂದು ನಮ್ಮಲ್ಲಿದೆ. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿ ಚಿತ್ರಸಮಾಜ ಕಟ್ಟಿ, ಅಡಿಕೆ ಸೀಮೆಯ ಜನರಿಗೆ ದೇಶವಿದೇಶದ ಚಿತ್ರ ತೋರಿಸಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಅಲ್ಲಿಗೇ ಬಂದು ಕಲಿಸಿದರು. ಹಳ್ಳಿಯವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು ಎನ್ನುವವರ ಬಾಯಿ ಮುಚ್ಚಿತು.

ನಾವು ಹಾಕಿದ್ದು ಸತ್ಯಜಿತ್ ರಾಯ್ ಅವರ 1955ರ 'ಪಥೇರ್ ಪಾಂಚಾಲಿ'. ಕಪ್ಪುಬಿಳುಪು ಎಂದು ಮೊಮ್ಮಗ ಮೊದಲೇ ಮುಖ ಗಂಟಿಕ್ಕಿದ. ಬಡವರ ಮನೆಯ ಅಕ್ಕ ದುರ್ಗಾ, ತಮ್ಮ ಅಪು. ನೆರೆಮನೆಯ ಮಣಿಸರ ಕದ್ದಳೆಂದು ದುರ್ಗಾಳ ಮೇಲೆ ದೂರು. ಅವಳು ಇಲ್ಲ ಎನ್ನುತ್ತಾಳೆ. ತಾಯಿ ಕೂದಲು ಹಿಡಿದೆಳೆದು ಹೊರಗೆ ಹಾಕುತ್ತಾಳೆ. ಮುಂದೆ ಮಳೆಯಲ್ಲಿ ನೆನೆದು, ಜ್ವರ ಬಂದು ದುರ್ಗಾ ತೀರಿಹೋಗುತ್ತಾಳೆ. ಊರು ಬಿಡುವ ಹೊತ್ತಿಗೆ, ಮನೆಯಲ್ಲೇ ಆ ಸರ ಅಪುವಿನ ಕೈಗೆ ಸಿಗುತ್ತದೆ. ಅವನು ಅದನ್ನು ಹೊಂಡಕ್ಕೆ ಎಸೆಯುತ್ತಾನೆ. ಪಾಚಿ ಸರಿದು, ಮೆಲ್ಲಗೆ ಮತ್ತೆ ಕೂಡಿಕೊಳ್ಳುತ್ತದೆ.

"ಅಂದ್ರ ಆಕಿ ಕಳ್ಳಿನ!" ಎಂದ ಮೊಮ್ಮಗ. ನನ್ನ ಲೆಕ್ಕವೂ ಇಷ್ಟು ವರ್ಷ ಅದೇ ಆಗಿತ್ತು. ಮಾಲು ಸಿಕ್ಕಿತು, ತಾಳೆಯಾಯಿತು. ಬ್ಯಾಂಕಿನವನ ಬುದ್ಧಿ!

ಐದನೆಯ ತರಗತಿಯ ಮೊಮ್ಮಗಳು ಸುಮ್ಮನಿರಲಿಲ್ಲ. "ಮತ್ತ ಅವಾ ಅವ್ವಗ ಯಾಕ ತೋರಿಸಲಿಲ್ಲ?"

ಹಿಂದೆ ಸರಿಸಿ ಎರಡು ಸಲ ನೋಡಿದೆವು. ಅಪು ಒಂದು ಮಾತೂ ಆಡುವುದಿಲ್ಲ. ಸರ ಮುಳುಗಿದ ಮೇಲೂ ಕ್ಯಾಮೆರಾ ನೀರನ್ನೇ ನೋಡುತ್ತದೆ. "ಹೊಂಡಾನೂ ಯಾರಿಗೂ ಹೇಳಂಗಿಲ್ಲಂತ ಮುಚ್ಚಿಕೊಂಡ್ತು" ಎಂದಳು. ನನಗೆ ಗಂಟಲು ಕಟ್ಟಿತು. ಮೊಮ್ಮಗ ಒಪ್ಪಲಿಲ್ಲ. ಕಳವು ಕಳವೇ, ಅವ್ವನಿಗೆ ಗೊತ್ತಾಗಬೇಕಿತ್ತು ಎಂದು ಊಟದವರೆಗೂ ವಾದಿಸಿದ. ಅವನ ಮಾತೂ ತೆಗೆದುಹಾಕುವಂಥದಲ್ಲ.

ರೊಟ್ಟಿ ಬಡಿಸುತ್ತಿದ್ದ ನಮ್ಮ ಮನೆಯವರು ನಡುವೆ ಕೇಳಿದರು: "ಮಗಳನ್ನ ಹೊರಗ ಹಾಕಿ, ಬಾಗಿಲ ಹತ್ರ ಕುಂತು ಆ ತಾಯಿ ಅತ್ತಳಲ್ಲ, ಅದನ್ನ ಮೂರೂ ಮಂದಿ ನೋಡಿದ್ರೇನು?"

ಮೂವರೂ ನೋಡಿರಲಿಲ್ಲ. ಊಟ ಬಿಟ್ಟು ಟಿವಿ ಮುಂದೆ ಓಡಿದೆವು.

ಮರುವಾರ ಮೊಮ್ಮಗನ ಆಯ್ಕೆ, ಹೊಡೆದಾಟದ ಸಿನಿಮಾ. ನಾಯಕ ಕಾಯಿಪಲ್ಯದ ತಳ್ಳುಗಾಡಿ ಉರುಳಿಸಿ ನಾಲ್ವರನ್ನು ಬಡಿದ. ಚಪ್ಪಾಳೆ ಹೊಡೆಯುತ್ತಿದ್ದ ಹುಡುಗ ತಟ್ಟನೆ ನಿಲ್ಲಿಸಿದ.

"ಅಜ್ಜಾ, ಆ ಗಾಡಿಯವನ ಮಾರಿ ಒಮ್ಮೆನೂ ತೋರಿಸಲಿಲ್ಲ. ಅವನ ಟೊಮ್ಯಾಟೊಕ್ಕ ರೊಕ್ಕ ಯಾರು ಕೊಟ್ರು?"