ತೋಳು ಬರದ ಖಣ

ಒಂದು ಖರೇ ಮಾತು ಹೇಳ್ತೀನಿ, ಯಾರೂ ಸಿಟ್ಟಾಗಬ್ಯಾಡ್ರಿ. ತಪ್ಪು ಮೊದಲ ನಂದ ಅದ.

2023ರ ಅಧಿಕ ಶ್ರಾವಣದಾಗ ಒಬ್ಬರ ಮನಿಯಾಗ ನಂಗ ಉಡಿ ತುಂಬಿದ್ರು. ಮನಿಗೆ ಬಂದು ಖಣ ಬಿಚ್ಚಿ ನೋಡಿದ್ರ ಮೂಲ್ಯಾಗ ಪೆನ್ನಿನ ಸಣ್ಣ ಗುರುತು. ಅದು ನಂದ! ಹಿಂದಿನ ನವರಾತ್ರ್ಯಾಗ ನಾನ ಯಾರಿಗೋ ಕೊಟ್ಟಿದ್ದೆ. ಹೊಲಿಸಿಕೊಳ್ಳೂ ಖಣ ಬ್ಯಾರೆ, ಕೊಡೂ ಖಣ ಬ್ಯಾರೆ ಅಂತ ಗುರುತು ಹಾಕಿ ಇಡೂದು ನನ್ನ ರೂಢಿ. ಎಷ್ಟು ಮನಿ ತಿರುಗಿ ಬಂದಿತ್ತೋ ಏನೋ, ನಕ್ಕು ಕಪಾಟಿನ್ಯಾಗ ಇಟ್ಟೆ.

ದೀಪಾವಳಿಗೆ ಅದ ಖಣ ನಮ್ಮ ಭಾಂಡೆ ತಿಕ್ಕಾಕಿಗೆ ಕೊಟ್ಟೆ. ನಾಕು ದಿನ ಬಿಟ್ಟು ಅಕಿ ಸಣ್ಣ ದನಿಯಾಗ ಅಂದ್ಲು, "ಅಕ್ಕಾರ, ಇದರಾಗ ತೋಳು ಬರೂದಿಲ್ಲಂತ್ರಿ, ಟೇಲರ್ ವಾಪಸ್ ಕೊಟ್ಟಾನ." ನನ್ನ ನಗು ಅಲ್ಲೇ ನಿಂತ್ತು.

ನಚಿಕೇತನ ಕಥಿ ನಮಗೆಲ್ಲಾ ಗೊತ್ತದ. ಯಮನ ಹತ್ರ ಹೋದ, ಮೂರು ವರ ಕೇಳಿದ ಅಂತ ಹೇಳ್ತೀವಿ. ಆದ್ರ ಕಠೋಪನಿಷತ್ತಿನಾಗ ಆ ಕಥಿ ಶುರು ಆಗೂದ ದಾನದಿಂದ. ಅವರಪ್ಪ ಇದ್ದದ್ದೆಲ್ಲಾ ಕೊಡ್ತೀನಿ ಅಂತ ಯಜ್ಞಕ್ಕ ಕೂತ. ಕೊಟ್ಟ ಆಕಳು ಎಂಥಾವು? ಹುಲ್ಲು ನೀರು ಮುಗಿದಿದ್ವು, ಹಾಲು ಬತ್ತಿದ್ವು, ಕರು ಹಾಕೂ ಶಕ್ತಿ ಇಲ್ಲದ್ವು. ಸಣ್ಣ ಹುಡುಗಗ ಅದು ಸರಿ ಕಾಣಲಿಲ್ಲ. ನಮ್ಮ ಗುರುತು ಹಾಕಿದ ಖಣಾನೂ ಅಂಥಾ ಆಕಳ ಅಲ್ಲೇನ್ರಿ?

ಗೀತಾದ 17ನೇ ಅಧ್ಯಾಯದಾಗ ಮೂರು ಥರದ ದಾನ ಬರ್ತಾವ. ವಾಪಸ್ ಏನೂ ಮಾಡ್ಲಿಕ್ಕೆ ಆಗದವರಿಗೆ, ಕೊಡೂದು ನನ್ನ ಕರ್ತವ್ಯ ಅಂತ ಕೊಟ್ರ ಸಾತ್ವಿಕ. ಫಲಕ್ಕ, ಮುಯ್ಯಿಗೆ, ಮನಸ್ಸಿನ್ಯಾಗ ಕಸಿವಿಸಿ ಇಟ್ಕೊಂಡು ಕೊಟ್ರ ರಾಜಸ. ಮರ್ಯಾದಿ ಇಲ್ಲದ, ತಾತ್ಸಾರದಿಂದ ಕೊಟ್ರ ತಾಮಸ. ನಾವು ಪಾತ್ರ-ಅಪಾತ್ರ ಅಂತ ತಗೊಳ್ಳಾಕಿನ್ನ ಅಳೀತೀವಿ. ಕೊಡೂ ಕೈ ಅಳಿಯೂದಿಲ್ಲ.

"ಎಲ್ಲಾರಿಗೂ ಛಲೋದು ಕೊಡ್ಲಿಕ್ಕೆ ರೊಕ್ಕ ಎಲ್ಲೆ ಅದ?" ಅಂತ ಕೇಳ್ತೀರಿ. ಖರೇ. ಅದಕ್ಕ ಸಂಕಲ್ಪದಾಗ "ಯಥಾಶಕ್ತಿ" ಅನ್ನೂ ಶಬ್ದ ಇಟ್ಟಾರ. ಅಧಿಕ ಮಾಸದ 33ರ ಲೆಕ್ಕ ಅನಾರಸಕ್ಕ, ಖಣಕ್ಕ ಅಲ್ಲ. ಹದಿನೈದು ಮಂದಿಗೆ ತುಂಡು ಅರಿವಿ ಕೊಡೂದಕ್ಕಿಂತ ಮೂರು ಮಂದಿಗೆ ಪೂರಾ ಒಂದು ಮೀಟರ್ ಕೊಡ್ರಿ. ಉಳಿದವರಿಗೆ ಅರಿಶಿಣ ಕುಂಕುಮ, ಎಲಿ ಅಡಿಕಿ, ಒಂದು ಬಾಳಿಹಣ್ಣು ಸಾಕು. ಯಾರೂ ಬ್ಯಾಸರ ಮಾಡ್ಕೊಳ್ಳೂದಿಲ್ಲ. ಬ್ಯಾಸರ ಆದ್ರೂ ಆ ತುಂಡು ಖಣದಿಂದ ಅದೇನು ಕಡಿಮಿ ಆಗ್ತಿರಲಿಲ್ಲ.

ಮುಂದಿನ ಸಂಕ್ರಾಂತಿಗೆ ಅಕಿನ್ನ ಅಂಗಡಿಗೆ ಕರಕೊಂಡು ಹೋದೆ. ಅಕಿ ಗಿಣಿಹಸರು ಬಣ್ಣದ್ದು ಆರಿಸಿಕೊಂಡ್ಲು. ನಂಗ ಆ ಬಣ್ಣ ಸೇರೂದಿಲ್ಲ, ಆದ್ರ ಹೊಲಿಸಿಕೊಳ್ಳಾಕಿ ಅಕಿ. ಈಗ ಕಪಾಟಿನ್ಯಾಗ ಕೊಡೂ ಖಣದ ಗಂಟು ಇಲ್ಲ, ಪೆನ್ನಿನ ಗುರುತೂ ಇಲ್ಲ. 2026ರ ಅಧಿಕ ಜ್ಯೇಷ್ಠಕ್ಕ ನಿಮ್ಮ ಗಂಟೂ ಒಮ್ಮೆ ಬಿಚ್ಚಿ ನೋಡ್ರಿ.